ಕೀಲಿ ತಿರುವಿದಾಗ ಟಕ್ ಎಂದರೆ ತಕ್ಷಣ ಬ್ಯಾಟರಿ ಕೊಳ್ಳಬೇಡಿ

ನಮಸ್ಕಾರ. ಬೆಳಗಿನ ನಾಲ್ಕೂವರೆ ಗಂಟೆ. ವಿಜಯಪುರ ಜಿಲ್ಲೆಯ ತಿಕೋಟಾ ಹತ್ತಿರದ ನಮ್ಮ ದ್ರಾಕ್ಷಿ ತೋಟ. ಪಿಕಪ್‌ಗೆ ಒಣದ್ರಾಕ್ಷಿ ಬಾಕ್ಸ್ ಏರಿಸಿ, ತಾಡಪತ್ರಿ ಹೊದಿಸಿ, ಹಗ್ಗ ಬಿಗಿದು ಆಗಿದೆ. ಅಥಣಿ, ಮಿರಜ್ ದಾಟಿ ಮಹಾರಾಷ್ಟ್ರದ ತಾಸಗಾಂವದ ಒಣದ್ರಾಕ್ಷಿ ಹರಾಜಿಗೆ ಹೊತ್ತಿಗೆ ಸರಿಯಾಗಿ ಮುಟ್ಟಬೇಕು. ಕೀಲಿ ತಿರುವಿದೆ. ಟಕ್. ಮತ್ತೆ ತಿರುವಿದೆ. ಟಕ್. ಹೇರು ಕಟ್ಟಿದ ಹುಡುಗರೆಲ್ಲ ನನ್ನ ಮುಖ ನೋಡುತ್ತ ನಿಂತರು.

ಆಗ ಸುತ್ತ ನಿಂತವರೆಲ್ಲ ಒಂದೇ ಮಾತು ಹೇಳಿದರು: ಬ್ಯಾಟರಿ ಹೋಗಿದೆ. ನಾನೂ ನಂಬಿದೆ. ನಮ್ಮದು 2009ರ ಡೀಸೆಲ್ ಗಾಡಿ. ಹೊಸ ಬ್ಯಾಟರಿಗೆ 7,000 ರೂಪಾಯಿ ಕೊಟ್ಟೆ. ಎರಡು ವಾರ ಸುಮ್ಮನಿದ್ದು ಮತ್ತೆ ಟಕ್ ಎಂದಿತು. ಗ್ಯಾರೇಜಿನವರು ಸೆಲ್ಫ್, ಅಂದರೆ ಇಂಜಿನ್ ತಿರುವಿ ಸ್ಟಾರ್ಟ್ ಮಾಡುವ ಮೋಟರ್, ಬಿಚ್ಚಿ ಅದರೊಳಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು ಹಾಕಿದರು, ಕೀಲಿ ತಿರುವಿದಾಗ ಮೋಟರಿಗೆ ಕರೆಂಟ್ ಜೋಡಿಸುವ ಸೊಲೆನಾಯ್ಡ್ ಬದಲಿಸಿದರು. ಅದಕ್ಕೂ ಮೂರೂವರೆ ಸಾವಿರ ಹೋಯಿತು. ಆಮೇಲೂ ಇಂಜಿನ್ ಬಿಸಿಯಾದಾಗ ಅದೇ ಕಥೆ. ಇದರ ನಡುವೆ ಎಕ್ಸಲರೇಟರ್ ಕೇಬಲ್ ಬಿಗಿಯಾಗಿ ಹಿಡಿದುಕೊಂಡಿತ್ತು, ಅದನ್ನು ಒಂದೇ ಸೀಸನ್‌ನಲ್ಲಿ ಎರಡು ಸಲ ಬದಲಿಸಿದ್ದೆವು. ಅದು ಬೇರೆಯೇ ತೊಂದರೆ ಎಂದು ಎಲ್ಲರೂ ತಿಳಿದಿದ್ದೆವು.

ಇವತ್ತು ನಾನು ಹೇಳಬೇಕಾದದ್ದು ಇಷ್ಟು: ಅಳೆಯದೆ ಯಾವ ಸಾಮಾನನ್ನೂ ಬದಲಿಸಬೇಡಿ, ಬದಲಿಸಲು ಬಿಡಲೂಬೇಡಿ. ಜ್ಯಾಕ್, ಪಾನಾಗಳ ಜೊತೆ ವೋಲ್ಟ್ ಅಳೆಯುವ ಮುನ್ನೂರು ರೂಪಾಯಿಯ ಮಲ್ಟಿಮೀಟರ್ ಸೀಟಿನ ಕೆಳಗೆ ಇರಲೇಬೇಕು. ಹಳೆಯ ಪಿಕಪ್ ಮೇಲೆ ಒಂದು ಮನೆಯ ಇಡೀ ವರ್ಷದ ದುಡಿಮೆ ನಿಂತಿರುತ್ತದೆ. ಊಹೆಯ ಮೇಲೆ ಅದರ ರಿಪೇರಿ ನಡೆಯುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಮೀಟರ್ ಇಲ್ಲದೆಯೂ ಮಾಡಬಹುದಾದ ಒಂದು ಪರೀಕ್ಷೆಯಿಂದ ಶುರು ಮಾಡೋಣ. ಹೆಡ್‌ಲೈಟ್ ಹಾಕಿ, ಒಬ್ಬರನ್ನು ಮುಂದೆ ನಿಲ್ಲಿಸಿ, ಸೆಲ್ಫ್ ಹೊಡೆಯಿರಿ. ಬೆಳಕು ಪೂರ್ತಿ ಕುಗ್ಗಿದರೆ ಬ್ಯಾಟರಿ ಸೋತಿದೆ, ಇಲ್ಲವೇ ಬ್ಯಾಟರಿಯ ಕಂಬಕ್ಕೆ ಕೇಬಲ್ ಬಿಗಿಯುವ ಟರ್ಮಿನಲ್ ಸಡಿಲವಾಗಿದೆ, ಇಲ್ಲವೇ ಸೆಲ್ಫ್ ಮೋಟರ್ ಜಾಮ್ ಆಗಿ ಕರೆಂಟನ್ನೆಲ್ಲ ನುಂಗುತ್ತಿದೆ. ಬೆಳಕು ಅಲುಗಾಡದೆ ಹಾಗೆಯೇ ಉರಿದು ಇಂಜಿನ್ ಮಾತ್ರ ತಿರುಗದಿದ್ದರೆ ಬ್ಯಾಟರಿಯ ಮೇಲೆ ಗೂಬೆ ಕೂರಿಸಬೇಡಿ. ಕರೆಂಟ್ ಸೆಲ್ಫ್‌ಗೆ ಮುಟ್ಟುತ್ತಿಲ್ಲ, ಅಥವಾ ಸೆಲ್ಫ್ ಅದನ್ನು ತೆಗೆದುಕೊಳ್ಳುತ್ತಿಲ್ಲ. ಆ ದಿನ ನಮ್ಮ ಗಾಡಿಯ ಲೈಟ್ ಚೆನ್ನಾಗಿಯೇ ಉರಿಯುತ್ತಿತ್ತು. ಕಣ್ಣೆದುರೇ ಇತ್ತು, ಓದಲು ನನಗೆ ಬರಲಿಲ್ಲ.

ಸದ್ದನ್ನೂ ಕಿವಿಗೊಟ್ಟು ಕೇಳಿ. ಟಕಟಕಟಕ ಎಂದು ಬಡಿದುಕೊಂಡರೆ ಸಾಮಾನ್ಯವಾಗಿ ಬ್ಯಾಟರಿಯ ಶಕ್ತಿ ಕಡಿಮೆ. ಒಂದೇ ಟಕ್ ಎಂದರೆ ಸೊಲೆನಾಯ್ಡ್ ಎಳೆಯಿತು, ಮೋಟರ್ ತಿರುಗಲಿಲ್ಲ. ಸೆಲ್ಫ್‌ನ ಮೈಮೇಲೆ ಪಾನಾದಿಂದ ಮೆಲ್ಲನೆ ತಟ್ಟಿದಾಗ ತಿರುಗಿದರೆ ಕಾರ್ಬನ್ ಸವೆದಿರುವ ಸಾಧ್ಯತೆ ಹೆಚ್ಚು. ಮೋಟರ್ ಜೋರಾಗಿ ಸುತ್ತುತ್ತದೆ, ಇಂಜಿನ್ ಅಲುಗುವುದಿಲ್ಲ ಎಂದರೆ ಮೋಟರನ್ನು ಇಂಜಿನ್ನಿನ ಹಲ್ಲಿನ ಚಕ್ರಕ್ಕೆ ಜೋಡಿಸುವ ಬೆಂಡಿಕ್ಸ್ ನೋಡಿಸಿ.

ಇನ್ನು ಬ್ಯಾಟರಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ಬೆಳಿಗ್ಗೆ 12.6 ವೋಲ್ಟ್ ತೋರಿಸಿದರೆ ತುಂಬಿದೆ. 12.2 ಎಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ ಅದರ ಪ್ಲಸ್, ಮೈನಸ್ ಕಂಬಗಳ ನಡುವೆಯೇ ಅಳೆಯಿರಿ. ಚಾರ್ಜ್ ಆಗಿರುವ ಬ್ಯಾಟರಿ 9.6ಕ್ಕಿಂತ ಕೆಳಗೆ ಕುಸಿದರೆ ಅದರ ಆಯುಷ್ಯ ಮುಗಿಯುತ್ತ ಬಂದಿದೆ. ಇಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇದ್ದರೆ ಇಂಜಿನ್ನಿನಿಂದ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಬ್ಯಾಟರಿಯನ್ನು ಸರಿಯಾಗಿ ತುಂಬುತ್ತಿದೆ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬಾನೆಟ್ ಕೆಳಗಿನ ಕಾವು ಅದಕ್ಕಿಂತಲೂ ಹೆಚ್ಚು. ಬ್ಯಾಟರಿ ಹಾಳಾಗುವುದು ಆ ಏಪ್ರಿಲ್, ಮೇ ತಿಂಗಳ ಕಾವಿನಲ್ಲಿ. ಕೈ ಕೊಡುವುದು ಡಿಸೆಂಬರ್ ಚಳಿಯಲ್ಲಿ. ಹಾಗಾಗಿ ಚಳಿಯನ್ನು ಬೈಯುತ್ತೇವೆ. ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಮುಚ್ಚಳ ತೆಗೆದು ನೀರು ನೋಡಿ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ನಮ್ಮ ಬೋರ್‌ವೆಲ್ ನೀರಿನ ಉಪ್ಪು ಒಳಗಿನ ಪ್ಲೇಟುಗಳನ್ನು ತಿಂದುಬಿಡುತ್ತದೆ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡವೇ ಬೇಡ, ಅಲ್ಲಿಂದ ಬರುವುದು ಹೈಡ್ರೋಜನ್.

ಈಗ ನಮ್ಮ ಗಾಡಿಯ ಕಥೆಗೆ ಮರಳುತ್ತೇನೆ, ಏಕೆಂದರೆ ಈ ಭಾಗವನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ನಮ್ಮೂರಿನಲ್ಲಿ ಬಸ್ ಡಿಪೋದ ಎಲೆಕ್ಟ್ರಿಷಿಯನ್ ಆಗಿ ನಿವೃತ್ತರಾದ ಒಬ್ಬ ಕಾಕಾ ಇದ್ದಾರೆ. ಅವರನ್ನು ಕರೆತಂದೆ. ಅವರು ಪಾನಾ ಹಿಡಿಯಲಿಲ್ಲ, ಮೊದಲು ಕುಳಿತು ಕೇಳಿದರು: ಯಾವಾಗ ಹೀಗಾಗುತ್ತದೆ, ಬಿಸಿಯಲ್ಲೋ ತಣ್ಣಗಿದ್ದಾಗಲೋ, ಏನೇನು ಬದಲಿಸಿದ್ದೀರಿ? ನಾನು ಪಟ್ಟಿ ಒಪ್ಪಿಸಿದೆ. ಬ್ಯಾಟರಿ, ಕಾರ್ಬನ್, ಸೊಲೆನಾಯ್ಡ್ ಎಲ್ಲಕ್ಕೂ ತಲೆ ಆಡಿಸಿದರು. ಎಕ್ಸಲರೇಟರ್ ಕೇಬಲ್ ಎಂದಾಗ ತಲೆ ಎತ್ತಿ, “ತಮ್ಮಾ, ಅದನ್ನು ಯಾಕೆ ಬದಲಿಸಿದೆ?” ಎಂದರು. ನಾಲ್ಕೈದು ಸಲ ಸೆಲ್ಫ್ ಹೊಡೆಯಲು ಹೇಳಿ, ನನ್ನನ್ನು ಇಳಿಸಿ, “ಇಲ್ಲಿ ಕೈ ಇಟ್ಟು ನೋಡು” ಎಂದರು. ಹೊಸ ಎಕ್ಸಲರೇಟರ್ ಕೇಬಲ್ ಸುಡುತ್ತಿತ್ತು. ಅದರ ಕಪ್ಪು ಕವಚ ಮೆತ್ತಗಾಗಿ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬರುತ್ತಿತ್ತು.

ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕುಳಿತಿರುತ್ತದೆ. ರಬ್ಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ಬ್ಯಾಟರಿಯಿಂದ ದಪ್ಪ ಕೇಬಲ್‌ನಲ್ಲಿ ಸೆಲ್ಫ್‌ಗೆ ಬಂದ ಕರೆಂಟ್ ಇಂಜಿನ್ನಿನ ಕಬ್ಬಿಣಕ್ಕೆ ಇಳಿದು ತಿರುಗಿ ಬ್ಯಾಟರಿಯ ಮೈನಸ್‌ಗೆ ಹೋಗಲು ಒಂದು ದಾರಿ ಬೇಕು. ಆ ದಾರಿಯೇ ಅರ್ಥ್ ಪಟ್ಟಿ. ನಮ್ಮ ಗಾಡಿಯಲ್ಲಿ ಅದು ಗೇರ್‌ಬಾಕ್ಸ್‌ನಿಂದ, ಬ್ಯಾಟರಿಯ ಮೈನಸ್ ಸೇರಿರುವ ಚಾಸಿಗೆ (ಗಾಡಿಯ ಚೌಕಟ್ಟಿಗೆ) ಹೋಗುವ, ತಾಮ್ರದ ಎಳೆಗಳನ್ನು ಜಡೆಯಂತೆ ಹೆಣೆದ ಪಟ್ಟಿ. ಮಣ್ಣು, ಆಯಿಲ್, ಕೆಸರು ಮೆತ್ತಿಕೊಂಡು ಹದಿನೈದು ವರ್ಷ ಅಲ್ಲಿಯೇ ಇತ್ತು. ಕಾಕಾ ಬ್ರಶ್‌ನಿಂದ ಉಜ್ಜಿದಾಗ ಕಂಡದ್ದು: ಹಸಿರು ಹಿಡಿದ ಎಳೆಗಳಲ್ಲಿ ಮುಕ್ಕಾಲು ಪಾಲು ಕಡಿದಿದ್ದವು, ಬೋಲ್ಟಿನ ಕೆಳಗೆ ತುಕ್ಕಿನ ಪದರ. ದಾರಿ ಸಿಗದ ಕರೆಂಟ್ ಎಕ್ಸಲರೇಟರ್ ಕೇಬಲ್‌ನ ಉಕ್ಕಿನ ತಂತಿಯನ್ನು ಹಿಡಿದು ಇಂಜಿನ್ನಿನಿಂದ ಗಾಡಿಯ ಮೈಗೆ ದಾಟುತ್ತಿತ್ತು. ಎರಡು ಕೇಬಲ್ ಸುಟ್ಟದ್ದು, ಸೆಲ್ಫ್ ಸುಮ್ಮನಾದದ್ದು ಒಂದೇ ಕಾರಣಕ್ಕೆ.

ಹಾಗಾದರೆ ಗ್ಯಾರೇಜಿನಲ್ಲಿ ಏಕೆ ಸಿಗಲಿಲ್ಲ? ಅವರು ಬಲ್ಬ್ ಹಿಡಿದು ನೋಡಿದ್ದರು. ಬಲ್ಬ್ ಚೆನ್ನಾಗಿ ಉರಿಯಿತು, “ಅರ್ಥ್ ಸರಿ ಇದೆ” ಎಂದರು. ಬಲ್ಬಿಗೆ ಒಂದೆರಡು ಆಂಪಿಯರ್ ಸಾಕು, ಅದನ್ನು ಒಂದೇ ಎಳೆ ಸಾಗಿಸುತ್ತದೆ. ಡೀಸೆಲ್ ಇಂಜಿನ್ ತಿರುವುವ ಸೆಲ್ಫ್‌ಗೆ 200 ಆಂಪಿಯರ್ ಬೇಕು ಎಂದುಕೊಳ್ಳಿ. ದಾರಿಯಲ್ಲಿ ಒಂದು ಓಮ್‌ನ ನೂರನೇ ಒಂದು ಭಾಗ ಅಡ್ಡಿ ಇದ್ದರೂ 2 ವೋಲ್ಟ್ ಅಲ್ಲಿಯೇ ಕರಗುತ್ತದೆ. ಅಷ್ಟು ಸಣ್ಣ ಅಡ್ಡಿಯನ್ನು ಬಲ್ಬ್ ತೋರಿಸುವುದಿಲ್ಲ, ಸಾಮಾನ್ಯ ಮೀಟರಿನ ಓಮ್ ಅಳತೆಯೂ ತೋರಿಸುವುದಿಲ್ಲ. ಭಾರ ಬಿದ್ದಾಗಲೇ ಅಳೆಯಬೇಕು.

ಅಳೆಯುವುದು ಹೀಗೆ. ಮೀಟರನ್ನು ಡಿಸಿ ವೋಲ್ಟ್‌ಗೆ ಇಡಿ. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ, ಟರ್ಮಿನಲ್ ಮೇಲಲ್ಲ, ಕಂಬದ ಸೀಸದ ಮೇಲೆಯೇ ಇಡಿ. ಇನ್ನೊಂದನ್ನು ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಒತ್ತಿ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಸೆಲ್ಫ್ ಹೊಡೆಸಿ. 0.2 ವೋಲ್ಟ್‌ಗಿಂತ ಕಡಿಮೆ ಬಂದರೆ ಅರ್ಥ್ ಚೆನ್ನಾಗಿದೆ. ನಮ್ಮದರಲ್ಲಿ 3 ವೋಲ್ಟ್ ದಾಟಿತ್ತು. ಹಾಗೆಯೇ ಪ್ಲಸ್ ಕಂಬದಿಂದ ಸೆಲ್ಫ್‌ನ ದಪ್ಪ ಬೋಲ್ಟಿಗೆ ಅಳೆದರೆ ಅರ್ಧ ವೋಲ್ಟ್ ಮೀರಬಾರದು. ಈ ಎರಡು ಅಳತೆಗಳಿಗೆ ಐದು ನಿಮಿಷ ಸಾಕು. ಹೊಸ ಬ್ಯಾಟರಿ ಕೊಳ್ಳುವ ಮೊದಲು ಇವನ್ನು ಕೇಳುವ ಹಕ್ಕು ನಿಮಗಿದೆ. ಅಳೆದು ತೋರಿಸುವ ಮಿಸ್ತ್ರಿಗೆ ಅದರ ಕೂಲಿಯನ್ನು ಚೌಕಾಶಿ ಮಾಡದೆ ಕೊಡಿ. ಸಾಮಾನಿಗೆ ಸಾವಿರ ಎಣಿಸುವ ನಾವು ತಲೆಯ ಕೆಲಸಕ್ಕೆ ನೂರು ಕೊಡಲು ಹಿಂದೆ ಮುಂದೆ ನೋಡುತ್ತೇವೆ. ಅದರಿಂದಲೇ ಮಿಸ್ತ್ರಿಗಳು ಸಾಮಾನು ಬದಲಿಸುವುದನ್ನು ಕಲಿತಿದ್ದಾರೆ ಎಂಬುದು ನನ್ನ ಅಭಿಪ್ರಾಯ.

ಸೆಲ್ಫ್ ಚುರುಕಾಗಿ ತಿರುಗುತ್ತದೆ, ಇಂಜಿನ್ ಹಿಡಿಯುವುದಿಲ್ಲ ಎಂದರೆ ಅದು ಬೇರೆ ದಾರಿ. ಸೈಲೆನ್ಸರ್ ನೋಡಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಮುಟ್ಟುತ್ತಿಲ್ಲ: ಡೀಸೆಲ್ ಪೈಪಿನಲ್ಲಿ ಏರ್ ಹಿಡಿದಿರಬಹುದು, ಫಿಲ್ಟರ್ ಕಟ್ಟಿರಬಹುದು, ಹಳೆಯ ಪಂಪಿನಲ್ಲಿ ಡೀಸೆಲ್ ನಿಲ್ಲಿಸುವ ಸ್ಟಾಪ್ ಸೊಲೆನಾಯ್ಡ್ ತೆರೆಯದೆ ಇರಬಹುದು. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಹೋಗುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ. ಸ್ಟಾರ್ಟ್ ಮಾಡುವಾಗ ಒಳಗೆ ಕಾಯಿಸುವ ಹೀಟರ್ ಪ್ಲಗ್ ಇರುವ ಇಂಜಿನ್ ಆದರೆ ಅದನ್ನು ಮೊದಲು ನೋಡಿ, ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರಿನಲ್ಲಿ ಗಾಳಿ ಒತ್ತುವ ಬಲ. ಎಲ್ಲ ಸಿಲಿಂಡರಿಗೂ ಒಂದೇ ಭಾರೀ ಒತ್ತಡದ ಪೈಪಿನಿಂದ ಡೀಸೆಲ್ ಕೊಡುವ ಕಾಮನ್ ರೈಲ್ ಇಂಜಿನ್ ಆದರೆ ಪೈಪ್ ಸಡಿಲಿಸಿ ಏರ್ ತೆಗೆಯಲು ಹೋಗಬೇಡಿ. ಅಲ್ಲಿನ ಒತ್ತಡ 1,000 ಬಾರ್ ದಾಟುತ್ತದೆ, ಡೀಸೆಲ್ ಚರ್ಮ ಸೀಳಿ ಒಳಗೆ ಇಳಿಯುತ್ತದೆ. ಪೆಟ್ರೋಲ್ ಹನಿಸಿದ ಬಟ್ಟೆಯನ್ನು ಏರ್ ಫಿಲ್ಟರ್ ಬಾಯಿಗೆ ಹಿಡಿಯುವ ರೂಢಿ ನಮ್ಮ ಕಡೆ ಇನ್ನೂ ಇದೆ, ಕೈ ಮುಗಿದು ಕೇಳುತ್ತೇನೆ, ಬಿಟ್ಟುಬಿಡಿ. ಸ್ಕ್ರೂಡ್ರೈವರ್‌ನಿಂದ ಸೆಲ್ಫ್ ಶಾರ್ಟ್ ಮಾಡುವುದನ್ನೂ ಬಿಡಿ. ಗೇರ್‌ನಲ್ಲಿದ್ದರೆ ಗಾಡಿ ನಿಮ್ಮ ಮೇಲೆಯೇ ಹರಿಯುತ್ತದೆ.

ಕಾಕಾ ಹೊಸ ಪಟ್ಟಿ ಹಾಕಿಸಿದರು. ತುಕ್ಕು ಹಿಡಿದ ಜಾಗವನ್ನು ಉಪ್ಪು ಕಾಗದದಿಂದ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ, ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಹಚ್ಚಿದರು. ಖರ್ಚು 250 ರೂಪಾಯಿ. ಮತ್ತೆ ಅಳೆದಾಗ 0.1 ವೋಲ್ಟ್. ಆ ಅಂಕಿಯನ್ನೂ ಬ್ಯಾಟರಿಯ ಅಳತೆಗಳನ್ನೂ ತಾರೀಖಿನೊಂದಿಗೆ ಒಂದು ಚೀಟಿಯಲ್ಲಿ ಬರೆದು ಸನ್‌ವೈಸರ್ ಹಿಂದೆ ಸಿಕ್ಕಿಸಿದರು. ನಿಮ್ಮ ಗಾಡಿ ಇವತ್ತು ಚೆನ್ನಾಗಿ ಸ್ಟಾರ್ಟ್ ಆಗುತ್ತಿದ್ದರೆ ಇವತ್ತೇ ಅಳೆದು ಹೀಗೆ ಬರೆದಿಡಿ. ಮುಂದಿನ ಸೀಸನ್‌ನಲ್ಲಿ ಬೆಳಗಿನ ನಾಲ್ಕೂವರೆಗೆ ಅದು ಟಕ್ ಎಂದಾಗ ಆ ಚೀಟಿ ತೆಗೆದು, ಯಾವ ಅಂಕಿ ಬದಲಾಗಿದೆ ಎಂದು ನೋಡಿ.