ಗುರುತು ಅಳಿಸಿದ ನೆಲ: ಚಾಟ್ಸ್‌ವರ್ತ್ ಎಸ್ಟೇಟಿನ ಮನೆ, ನೀರು, ಊರು

ಎಲ್ಲರಿಗೂ ನಮಸ್ಕಾರ.

2018ರ ಬೇಸಿಗೆಯಲ್ಲಿ ಇಂಗ್ಲೆಂಡಿನಲ್ಲಿ ವಾರಗಟ್ಟಲೆ ಮಳೆ ಬರಲಿಲ್ಲ. ಡಾರ್ಬಿಶೈರ್ ಕೌಂಟಿಯಲ್ಲಿರುವ ಚಾಟ್ಸ್‌ವರ್ತ್ ಎಂಬ ದೊಡ್ಡಮನೆಯ ದಕ್ಷಿಣಕ್ಕೆ ವಿಶಾಲವಾದ ಹುಲ್ಲುಹಾಸು ಇದೆ. ಸದಾ ಹಸಿರಾಗಿರುವ ಅದು ಆ ವರ್ಷ ಒಣಗಿ ಹಳದಿಯಾಯಿತು. ಒಣಗಿದ ಹುಲ್ಲಿನ ಮೇಲೆ ಮೆಲ್ಲಗೆ ಗೆರೆಗಳು ಮೂಡತೊಡಗಿದವು. ಸುರುಳಿಗಳು, ಬಾಗಿದ ದಾರಿಗಳು, ಎದುರುಬದುರು ಜೋಡಿಸಿದ ಪಾತಿಗಳು. ಯಾರೋ ನೆಲದಡಿಯಲ್ಲಿ ಕೂತು ರಂಗೋಲಿ ಇಟ್ಟ ಹಾಗೆ. ಅದು 1699ರಲ್ಲಿ ಹಾಕಿದ ಹೂದೋಟದ ನಕ್ಷೆ. ಮುಂದಿನ ತಲೆಮಾರಿನವರು ಅದರ ಮೇಲೆ ಹುಲ್ಲು ಬೆಳೆಸಿ ಮುಚ್ಚಿಬಿಟ್ಟಿದ್ದರು. ಹಳೆಯ ದಾರಿಯ ಮಣ್ಣು ಬೇರೆ, ಪಾತಿಯ ಮಣ್ಣು ಬೇರೆ. ಎರಡೂ ತೇವ ಹಿಡಿಯುವ ಬಗೆ ಬೇರೆ. ಹಾಗಾಗಿ ಹುಲ್ಲು ಒಂದೇ ಸಮನೆ ಒಣಗಲಿಲ್ಲ. ಮಳೆ ಬಂತು, ಗೆರೆಗಳು ಮತ್ತೆ ಮರೆಯಾದವು.

ಇವತ್ತು ನಾನು ಹೇಳಬೇಕೆಂದಿರುವುದು ಈ ಮುಚ್ಚುವ ಕೆಲಸದ ಬಗ್ಗೆ. ಇಂಗ್ಲೆಂಡಿನ ಹಳ್ಳಿಗಾಡಿನ ದೊಡ್ಡಮನೆಗಳನ್ನು ನೋಡಿಬಂದ ನಮ್ಮವರು ಸಾಮಾನ್ಯವಾಗಿ ‘ಎಷ್ಟು ಸಹಜವಾಗಿದೆ’ ಅನ್ನುತ್ತಾರೆ. ಹುಲ್ಲುಗಾವಲು, ಅಲ್ಲಲ್ಲಿ ಓಕ್ ಮರಗಳು, ಕುರಿ, ಜಿಂಕೆ, ತಿರುಗಿ ಹರಿಯುವ ಹೊಳೆ. ನಾನೂ ಮೊದಲ ಸಲ ಹಾಗೇ ಅಂದುಕೊಂಡೆ. ಆದರೆ ಆ ನೋಟದಲ್ಲಿ ಕೈ ತಾಗದ ಅಡಿ ಜಾಗವೂ ಇಲ್ಲ ಅನ್ನಬಹುದು. ಅಲ್ಲಿ ನೆಲ ತಿದ್ದುವುದು ಅರ್ಧ ಕೆಲಸ. ತಿದ್ದಿದ ಗುರುತನ್ನು ಅಳಿಸುವುದು ಇನ್ನರ್ಧ.

ಎಸ್ಟೇಟ್ ಅಂದ ಕೂಡಲೇ ನಮಗೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟ ನೆನಪಾಗುತ್ತದೆ. ಅಲ್ಲಿ ಆ ಮಾತಿನ ವ್ಯಾಪ್ತಿ ದೊಡ್ಡದು. ಮನೆ, ಉದ್ಯಾನ, ಬೇಟೆಯ ಕಾಡು, ಒಕ್ಕಲುಗಳ ಹೊಲ, ಗಣಿ, ಹಳ್ಳಿ, ಹಳ್ಳಿಯ ಚರ್ಚು ಎಲ್ಲ ಸೇರಿ ಒಂದು ಎಸ್ಟೇಟ್. ಚಾಟ್ಸ್‌ವರ್ತ್‌ದು ಇವತ್ತಿಗೂ ಸುಮಾರು 35,000 ಎಕರೆ. ಅದರಲ್ಲಿ ಮನೆಯ ಸುತ್ತಲ ಪಾರ್ಕು 1,000 ಎಕರೆ, ಉದ್ಯಾನ 105 ಎಕರೆ.

ಇಷ್ಟು ನೆಲ ಒಂದು ಮನೆತನದ ಕೈಗೆ ಬಂದದ್ದು ಹೇಗೆ? ಎಂಟನೇ ಹೆನ್ರಿ ಕ್ರೈಸ್ತ ಮಠಗಳನ್ನು ಮುಚ್ಚಿಸಿ ಅವುಗಳ ಆಸ್ತಿ ವಶಪಡಿಸಿಕೊಂಡಾಗ, ಆ ಕೆಲಸ ಮಾಡಿದ ಅಧಿಕಾರಿಗಳಲ್ಲಿ ವಿಲಿಯಂ ಕ್ಯಾವೆಂಡಿಶ್ ಒಬ್ಬ. ಅವನ ಹೆಂಡತಿ, ಡಾರ್ಬಿಶೈರಿನವಳೇ ಆದ, ‘ಹಾರ್ಡ್‌ವಿಕ್‌ನ ಬೆಸ್’ ಎಂದು ಹೆಸರಾದ ಗಟ್ಟಿಗಿತ್ತಿ. 1549ರಲ್ಲಿ ಅವರು 600 ಪೌಂಡಿಗೆ ಚಾಟ್ಸ್‌ವರ್ತ್ ಕೊಂಡರು. ಗಂಡ ತೀರಿಕೊಂಡ ಮೇಲೂ ಬೆಸ್ ಮನೆ ಕಟ್ಟಿಸುವುದನ್ನು ನಿಲ್ಲಿಸಲಿಲ್ಲ. ಅವಳ ನಾಲ್ಕನೆಯ ಗಂಡ ಶ್ರೂಸ್‌ಬರಿಯ ಅರ್ಲ್. ಸೆರೆಯಲ್ಲಿದ್ದ ಸ್ಕಾಟ್ಲೆಂಡಿನ ರಾಣಿ ಮೇರಿಯ ಕಾವಲು ಅವನ ಪಾಲಿಗೆ ಬಿದ್ದಿತ್ತು. ಹೀಗಾಗಿ ರಾಣಿ ಮೇರಿಯನ್ನು ಹಲವು ಸಲ ಈ ಮನೆಯಲ್ಲೇ ಇರಿಸಿದ್ದರು. ಬೆಸ್ ಕಟ್ಟಿಸಿದ ಮನೆ ಈಗಿಲ್ಲ. ಬೆಟ್ಟದ ಅಂಚಿನ ಬೇಟೆಗೋಪುರ ಆ ಕಾಲದ್ದು, ಮರಗಳ ಮೇಲೆ ಇನ್ನೂ ತಲೆ ಎತ್ತಿಕೊಂಡು ನಿಂತಿದೆ.

ಈಗ ಕಾಣುವ ಮನೆಯನ್ನು ಶುರುಮಾಡಿದ್ದು 1687ರಲ್ಲಿ, ಇದೇ ಕ್ಯಾವೆಂಡಿಶ್ ವಂಶದ, ಮುಂದೆ ಮೊದಲನೆಯ ಡೆವನ್‌ಶೈರ್ ಡ್ಯೂಕ್ ಆದವನು. ದಕ್ಷಿಣದ ಮುಖವೊಂದನ್ನು ಹೊಸದಾಗಿಸಬೇಕೆಂದು ಹೊರಟವನು ಕೊನೆಗೆ ನಾಲ್ಕೂ ಮುಖಗಳನ್ನು ಕಟ್ಟಿಸಿದ. ಮುಗಿಯುವ ಹೊತ್ತಿಗೆ 1707. ಮನೆಯ ಒಳಗನ್ನು ನಾನು ಇವತ್ತು ವಿವರಿಸುವುದಿಲ್ಲ. ಚಿತ್ರ, ಶಿಲ್ಪ, ಪುಸ್ತಕ ಬೇಕಾದಷ್ಟಿವೆ. ನನ್ನ ಮನಸ್ಸು ಇರುವುದು ಹೊರಗಿನ ನೀರಿನಲ್ಲಿ.

ಮನೆಯ ಹಿಂದೆ ಪೂರ್ವಕ್ಕೆ ಗುಡ್ಡ. ಗುಡ್ಡದ ನೆತ್ತಿಯಲ್ಲಿ ಮರವಿಲ್ಲದ, ಸ್ಪಂಜಿನಂತೆ ನೀರು ಹಿಡಿಯುವ ಕಪ್ಪು ಮಣ್ಣಿನ ಬಯಲು. ಅಲ್ಲಿ ಬಿದ್ದ ಮಳೆ ಕೆಳಗಿಳಿಯಲೇಬೇಕು. 1696ರಲ್ಲಿ ಗ್ರಿಯೆ ಎಂಬ ಫ್ರೆಂಚ್ ನೀರಾವರಿ ತಜ್ಞ ಆ ನೀರು ಇಳಿದು ಬರಲು ಕಲ್ಲಿನ ಮೆಟ್ಟಿಲ ಸಾಲು ಕಟ್ಟಿದ. ಕೆಲವೇ ವರ್ಷಗಳಲ್ಲಿ ಅದನ್ನು ಇನ್ನೂ ಉದ್ದ ಮಾಡಿದರು. ಒಟ್ಟು 24 ಮೆಟ್ಟಿಲು. ನಾನು ಹೋದಾಗ ಅದರ ಪಕ್ಕದ ಹುಲ್ಲಿನಲ್ಲಿ ತುಂಬಾ ಹೊತ್ತು ಕೂತಿದ್ದೆ. ಮೊದಲು ಒಂದೇ ಸದ್ದು ಅನಿಸಿತು. ಎದ್ದು ನಾಲ್ಕು ಹೆಜ್ಜೆ ಕೆಳಗಿಳಿದರೆ ಸದ್ದು ಬದಲಾಯಿತು. ಬಗ್ಗಿ ನೋಡಿದೆ: ಮೆಟ್ಟಿಲುಗಳು ಒಂದೇ ಥರ ಇಲ್ಲ. ಕೆಲವು ಕಡೆ ಕಲ್ಲು ಸಪಾಟು, ನೀರು ಹಾಳೆಯಂತೆ ಜಾರುತ್ತದೆ; ಕೆಲವು ಕಡೆ ಕಲ್ಲಿನ ಮಡಿಕೆಗಳಿಗೆ ಬಡಿದು ಗಲಗಲ ಅನ್ನುತ್ತದೆ. ಮೆಟ್ಟಿಲ ಗುಂಪು ಬದಲಾದ ಹಾಗೆ ದನಿಯೂ ಬದಲಾಗಲಿ ಎಂದೇ ಹಾಗೆ ಕೊರೆದಿದ್ದಾರೆ. ಮುನ್ನೂರು ವರ್ಷಗಳ ಹಿಂದೆ ಯಾವುದೋ ಕಲ್ಲುಕುಟಿಗ ಚಾಣ ಹಿಡಿದು, ನೀರು ಬಿಟ್ಟು, ಕಿವಿಗೊಟ್ಟು ಕೇಳಿ, ಮತ್ತೆ ಕೊರೆದಿರಬೇಕು. ಅವನ ಹೆಸರು ತಿಳಿಯಬೇಕೆಂಬ ಆಸೆ ನನಗೆ ಇವತ್ತಿಗೂ ಹೋಗಿಲ್ಲ.

ಆಮೇಲೆ ಕಾಲದ ರುಚಿ ಬದಲಾಯಿತು. ನೇರ ಗೆರೆ, ಕತ್ತರಿಸಿದ ಪೊದೆ, ಸುರುಳಿ ಪಾತಿ ಯಾರಿಗೂ ಬೇಡವಾದವು. 1760ರ ಹೊತ್ತಿಗೆ ನಾಲ್ಕನೆಯ ಡ್ಯೂಕ್ ಲ್ಯಾನ್ಸಲಾಟ್ ಬ್ರೌನ್ ಎಂಬ ತೋಟಗಾರನನ್ನು ಕರೆಸಿದ. ನೋಡಿದ ಪ್ರತಿ ಜಮೀನಿಗೂ ‘ಇದಕ್ಕೆ ಸಾಮರ್ಥ್ಯ ಇದೆ’ ಅನ್ನುತ್ತಿದ್ದುದರಿಂದ ಅವನಿಗೆ ‘ಕೇಪಬಿಲಿಟಿ’ ಬ್ರೌನ್ ಎಂದೇ ಹೆಸರು ಬಿದ್ದಿತ್ತು. ಅವನು ಪಾತಿಗಳ ಮೇಲೆ ಹುಲ್ಲು ಹಬ್ಬಿಸಿದ, ಕೊಳಗಳನ್ನು ಮುಚ್ಚಿಸಿದ, ಡರ್ವೆಂಟ್ ಹೊಳೆಯ ದಡ ತಿದ್ದಿಸಿದ. ಹೊಸ ಸೇತುವೆಯನ್ನು ವಾಸ್ತುಶಿಲ್ಪಿ ಜೇಮ್ಸ್ ಪೇನ್ ಕಟ್ಟಿದ. ಈಗ ಆ ಸೇತುವೆಯ ಮೇಲೆ ನಿಂತರೆ ಮನೆ, ಹೊಳೆ, ಗುಡ್ಡ ಒಂದೇ ಚೌಕಟ್ಟಿನಲ್ಲಿ ಕೂರುತ್ತವೆ. ಮೆಟ್ಟಿಲ ಜಲಪಾತವನ್ನು ಮಾತ್ರ ಮುಟ್ಟದೆ ಬಿಟ್ಟರು. ಅದು ನಮ್ಮ ಪುಣ್ಯ.

ಆ ಚೌಕಟ್ಟಿಗೆ ಒಂದು ಊರು ಅಡ್ಡ ಬಂತು. ಬರೆಯುವುದು ಎಡೆನ್ಸರ್, ಅಲ್ಲಿಯವರು ಕರೆಯುವುದು ಎನ್ಸರ್. ಹೊಳೆಯ ಆಚೆ, ಮನೆಯ ಕಿಟಕಿಗೆ ಕಾಣುವ ಹಾಗೆ ಇದ್ದ ಮನೆಗಳನ್ನು ನಾಲ್ಕನೆಯ ಡ್ಯೂಕ್ ತೆಗೆಸಿದ. ಉಳಿದ ಊರನ್ನು 1838ರಿಂದ ಆರನೆಯ ಡ್ಯೂಕ್ ಹೊಸದಾಗಿ ಕಟ್ಟಿಸಿದ, ದಿಬ್ಬದ ಮರೆಯಲ್ಲಿ. ಹೊಸ ಮನೆಗಳು ಗಟ್ಟಿಮುಟ್ಟು, ಚೆಂದ. ಒಂದು ಸ್ವಿಸ್ ಮಾದರಿ, ಒಂದು ಇಟಲಿಯ ಮಾದರಿ, ಹೀಗೆ ಒಂದರಂತೆ ಇನ್ನೊಂದಿಲ್ಲ. ಹಳೆಯ ಗುಡಿಸಲಿಗಿಂತ ಅವು ಮೇಲು ಎನ್ನುವುದನ್ನು ನಾನು ಒಪ್ಪುತ್ತೇನೆ. ಆದರೆ ಒಂದು ಊರು ಎಲ್ಲಿರಬೇಕು ಎಂಬುದನ್ನು ಊಟದ ಕೋಣೆಯ ಕಿಟಕಿಯಿಂದ ತೀರ್ಮಾನಿಸಬಹುದಾಗಿತ್ತು ಎಂಬುದು ನನಗೆ ನುಂಗಲಾರದ ತುತ್ತು. ಮುಳುಗಡೆಗೆ ಊರು ಬಿಟ್ಟವರ ಮಕ್ಕಳು ಈ ಸಭೆಯಲ್ಲೂ ಇರಬಹುದು. ಅವರಿಗೆ ನಾನು ವಿವರಿಸಬೇಕಾಗಿಲ್ಲ. ಪಾರ್ಕಿನ ನಡುವೆ ಹಳೆಯ ಎಡೆನ್ಸರ್‌ನ ಒಂದೇ ಒಂದು ಮನೆ ಉಳಿದಿದೆ. ಸುತ್ತ ಕುರಿಗಳು, ನಡುವೆ ಗೋಡೆ ಕಟ್ಟಿದ ಒಂಟಿ ಮನೆ. ಅದನ್ನು ನೋಡದೆ ಬರಬೇಡಿ. ಸಂಜೆ ಬಿಸಿಲು ಓರೆಯಾದಾಗ ಹುಲ್ಲುಗಾವಲನ್ನೂ ನೋಡಿ: ಉದ್ದುದ್ದ ಏರಿಳಿತದ ಪಟ್ಟೆಗಳು ಕಾಣುತ್ತವೆ. ಅವು ಪಾರ್ಕು ಆಗುವ ಮುಂಚೆ, ಎತ್ತು ಕಟ್ಟಿ ಉತ್ತ ರೈತರ ನೇಗಿಲ ಸಾಲು.

ಇನ್ನು ಇಲ್ಲಿಗೆ ಮುಖ್ಯ ತೋಟಗಾರನಾಗಿ ಬಂದ ಜೋಸೆಫ್ ಪ್ಯಾಕ್ಸ್‌ಟನ್. ಬೆಡ್‌ಫರ್ಡ್‌ಶೈರಿನ ಬಡ ರೈತನ ಮಗ. 1826ರ ಮೇ 9ರಂದು, ಇನ್ನೂ 23 ತುಂಬದ ಹುಡುಗ, ಬೆಳಗಿನ ಜಾವ ನಾಲ್ಕೂವರೆಗೆ ಚಾಟ್ಸ್‌ವರ್ತ್ ತಲುಪಿದ. ಗೇಟು ತೆರೆದಿರಲಿಲ್ಲ, ಗೋಡೆ ಹತ್ತಿ ಒಳಗಿಳಿದ. ತೋಟವೆಲ್ಲ ಸುತ್ತಿದ, ಆರು ಗಂಟೆಗೆ ಆಳುಗಳಿಗೆ ಕೆಲಸ ಹಚ್ಚಿದ, ಕಾರಂಜಿಗಳನ್ನು ಬಿಡಿಸಿ ನೋಡಿದ, ಮನೆವಾರ್ತೆ ನೋಡುವ ಹೆಂಗಸಿನ ಜೊತೆ ತಿಂಡಿಗೆ ಕೂತ. ಅಲ್ಲಿ ಅವಳ ಸೋದರಿಯ ಮಗಳು ಸಾರಾ ಇದ್ದಳು. ಒಂಬತ್ತು ಗಂಟೆಗೆ ಮುಂಚೆ ಇಬ್ಬರಿಗೂ ಮನಸ್ಸು ಕೂಡಿತ್ತು ಎಂದು ಅವನೇ ಬರೆದಿಟ್ಟಿದ್ದಾನೆ. ಮರುವರ್ಷ ಮದುವೆ.

ಮದುವೆಯಾಗದೆ ಉಳಿದ ಆರನೆಯ ಡ್ಯೂಕ್‌ಗೂ ಈ ತೋಟಗಾರನಿಗೂ ಬೆಳೆದ ಸ್ನೇಹದಿಂದ ಹುಟ್ಟಿದ್ದು ಅಷ್ಟಿಷ್ಟಲ್ಲ. 1836ರಲ್ಲಿ ಶುರುವಾದ ದೊಡ್ಡ ಗಾಜಿನ ಮನೆಯ ಉದ್ದ 277 ಅಡಿ, ಅಗಲ 123 ಅಡಿ, ಎತ್ತರ 67 ಅಡಿ. ಚಳಿಗಾಲದಲ್ಲೂ ಅದರೊಳಗೆ ನಮ್ಮ ಮಲೆನಾಡಿನ ಸೆಕೆ ಇರಬೇಕು. ಅದಕ್ಕೆ ಎಂಟು ಬಾಯ್ಲರು, ಏಳು ಮೈಲಿ ಕೊಳವೆ. ಕಲ್ಲಿದ್ದಲು ಬರುತ್ತಿದ್ದುದು ನೆಲದಡಿಯ ಸುರಂಗದಲ್ಲಿ, ಹಳಿಯ ಮೇಲೆ. ಮೇಲೆ ತಾಳೆ ಮರದ ನೆರಳಲ್ಲಿ ನಡೆಯುವವರಿಗೆ ಕೆಳಗೆ ಮಸಿ ಮೆತ್ತಿಕೊಂಡು ಒಲೆ ಉರಿಸುವವನು ಕಾಣಬಾರದು. 1843ರಲ್ಲಿ ವಿಕ್ಟೋರಿಯಾ ರಾಣಿ ಬಂದಾಗ ಇದೆಲ್ಲವನ್ನೂ ಸಾವಿರಾರು ದೀಪಗಳಿಂದ ಬೆಳಗಿಸಿದರು. ಬೆಳಗಾಗುವಷ್ಟರಲ್ಲಿ ಒಂದು ಹಣತೆಯ ಗುರುತೂ ಇರಲಿಲ್ಲ. ರಾತ್ರಿಯಿಡೀ ಆಳುಗಳು ಗುಡಿಸಿ ತೆಗೆದಿದ್ದರು. ಜೊತೆಗೆ ಬಂದಿದ್ದ ವೆಲಿಂಗ್ಟನ್, ಪ್ಯಾಕ್ಸ್‌ಟನ್‌ನಂಥವನು ತನ್ನ ಸೇನಾಪತಿಗಳಲ್ಲಿ ಒಬ್ಬನಾಗಿರಬೇಕಿತ್ತು ಎಂದು ಮೆಚ್ಚಿಕೊಂಡನಂತೆ. ಇದೇ ವೆಲಿಂಗ್ಟನ್, ಆಗ ಕರ್ನಲ್ ಆರ್ಥರ್ ವೆಲ್ಲೆಸ್ಲಿ, 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದವನು.

ಗಾಜಿನ ಮನೆ ತುಂಬಿಸಲು ಗಿಡ ಬೇಕಲ್ಲ. 1835ರಲ್ಲಿ ಜಾನ್ ಗಿಬ್ಸನ್ ಎಂಬ ಯುವ ತೋಟಗಾರನನ್ನು ಭಾರತಕ್ಕೆ ಕಳಿಸಿದರು. ಅವನು ಕಲ್ಕತ್ತೆಯಿಂದ ಖಾಸಿ ಬೆಟ್ಟಗಳಿಗೆ ಹೋಗಿ ರಾಶಿ ಆರ್ಕಿಡ್ ಕಿತ್ತು ತಂದ. ಒಂದು ಆರ್ಕಿಡ್‌ಗೆ ಡ್ಯೂಕ್‌ನ ಹೆಸರು, ಇನ್ನೊಂದಕ್ಕೆ ಗಿಬ್ಸನ್‌ನ ಹೆಸರು: ಡೆಂಡ್ರೋಬಿಯಂ ಡೆವೋನಿಯಾನಂ, ಡೆಂಡ್ರೋಬಿಯಂ ಗಿಬ್ಸೋನಿ. ಆ ಬೆಟ್ಟದಲ್ಲಿ ಅವನಿಗೆ ದಾರಿ ತೋರಿಸಿದ, ಮರ ಹತ್ತಿದ ಖಾಸಿ ಜನರ ಹೆಸರು ಇವೆರಡರಲ್ಲೂ ಇಲ್ಲ. 1838ರಲ್ಲಿ ಉತ್ತರ ಅಮೆರಿಕಕ್ಕೆ ಕಳಿಸಿದ ವಾಲೇಸ್ ಮತ್ತು ಬ್ಯಾಂಕ್ಸ್ ಎಂಬ ಇಬ್ಬರು ಹುಡುಗರು ಕೊಲಂಬಿಯಾ ನದಿಯಲ್ಲಿ ದೋಣಿ ಮುಳುಗಿ ಸತ್ತರು. ಆ ಉದ್ಯಾನದ ಲೆಕ್ಕದಲ್ಲಿ ಇವರನ್ನೂ ಬರೆಯಬೇಕು.

ಇಲ್ಲಿ ನಮ್ಮ ಮನೆಯ ಒಂದು ಮಾತು. ಪೇಟೆಯಲ್ಲಿ ನೀವು ಕೊಳ್ಳುವ ಪಚ್ಚಬಾಳೆ, ರೈತರು ಜಿ-9 ಅನ್ನುವ ತಳಿ, ಎರಡೂ ಕ್ಯಾವೆಂಡಿಶ್ ಗುಂಪಿನವು. ಆ ಕ್ಯಾವೆಂಡಿಶ್ ಈ ಮನೆತನದ ಹೆಸರೇ. ಮೂಲ ಚೀನಾದ ಆ ಬಾಳೆ ಮಾರಿಷಸ್ ಮೂಲಕ ಇಂಗ್ಲೆಂಡಿಗೆ ಬಂತು. ಪ್ಯಾಕ್ಸ್‌ಟನ್ ಅದನ್ನು ಗಾಜಿನ ಮನೆಯಲ್ಲಿ ಬೆಳೆಸಿ 1835ರಲ್ಲಿ ಹೂ ಬಿಡಿಸಿದ, ಒಡೆಯನ ಹೆಸರಿಟ್ಟ. ಅಲ್ಲಿಂದ ಕಂದುಗಳು ಮಿಷನರಿಯೊಬ್ಬನ ಜೊತೆ ಸಮೋವಾ ದ್ವೀಪಕ್ಕೆ ಹೋದವು. 1849ರಲ್ಲಿ ಪ್ಯಾಕ್ಸ್‌ಟನ್‌ನ ಕೈಯಲ್ಲೇ ಇಂಗ್ಲೆಂಡಿನಲ್ಲಿ ಮೊದಲ ಸಲ ಅಮೆಜಾನಿನ ದೈತ್ಯ ನೈದಿಲೆ ಅರಳಿತು. ಅದರ ಎಲೆಯ ಮೇಲೆ ತನ್ನ ಪುಟ್ಟ ಮಗಳನ್ನು ನಿಲ್ಲಿಸಿದ, ಎಲೆ ತಡೆಯಿತು. ಅಂಥ ಅನುಭವದ ಬಲದ ಮೇಲೆಯೇ ಅವನು 1851ರಲ್ಲಿ ಲಂಡನ್ನಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಎಂಬ ಭಾರೀ ಗಾಜಿನ ಕಟ್ಟಡ ನಿಲ್ಲಿಸಿದ. ಆ ಕಟ್ಟಡವನ್ನು ನೆನೆದೇ ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದದ್ದು.

ಚಾಟ್ಸ್‌ವರ್ತ್‌ನ ದೊಡ್ಡ ಗಾಜಿನ ಮನೆಯ ಕೊನೆ ನೆನೆದರೆ ಸಂಕಟವಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಕಲ್ಲಿದ್ದಲಿಲ್ಲ, ಒಲೆ ಉರಿಸುವ ಆಳುಗಳಿಲ್ಲ. ಗಿಡಗಳು ಚಳಿಗೆ ಸತ್ತವು. 1920ರಲ್ಲಿ ಸಿಡಿಮದ್ದಿಟ್ಟು ಉರುಳಿಸಲು ಹೋದರೆ ಒಂದೇ ಸಲಕ್ಕೆ ಬೀಳಲಿಲ್ಲ. ಮತ್ತೆ ಮತ್ತೆ ಸಿಡಿಸಬೇಕಾಯಿತು. ಈಗ ಅದರ ತಳಪಾಯದ ಗೋಡೆಗಳ ನಡುವೆ ಪೊದೆಗಳ ಚಕ್ರವ್ಯೂಹ ಇದೆ, ಮಕ್ಕಳು ಅದರಲ್ಲಿ ದಾರಿ ಹುಡುಕುತ್ತಾ ಕೂಗುತ್ತಿರುತ್ತಾರೆ.

ಮನೆತನಕ್ಕೂ ಹೊಡೆತ ಬಿತ್ತು. ಹತ್ತನೆಯ ಡ್ಯೂಕ್ ಮರಣ ತೆರಿಗೆ ತಪ್ಪಿಸಲು ಆಸ್ತಿಯನ್ನು ಮಗನಿಗೆ ಬರೆದುಕೊಟ್ಟಿದ್ದ. ಕೊಟ್ಟು ಐದು ವರ್ಷ ಬದುಕಿರಬೇಕಿತ್ತು. ಇನ್ನು ಹದಿನಾಲ್ಕು ವಾರ ಇರುವಾಗ, 1950ರ ನವೆಂಬರಿನಲ್ಲಿ, ಹಠಾತ್ತನೆ ತೀರಿಕೊಂಡ. ತೆರಿಗೆ ಶೇಕಡಾ 80. ಸಾವಿರಾರು ಎಕರೆ ಜಮೀನು, ಹೆಸರಾಂತ ಚಿತ್ರಗಳು, ಬೆಸ್ ಕಟ್ಟಿಸಿದ ಹಾರ್ಡ್‌ವಿಕ್ ಮನೆ ಕೂಡ ಕೈಬಿಟ್ಟವು. ಚಾಟ್ಸ್‌ವರ್ತ್ ಉಳಿದದ್ದು ಜನರಿಗೆ ಬಾಗಿಲು ತೆರೆದು, ಟಿಕೆಟ್ಟು ಮಾರಿ, ಎಸ್ಟೇಟಿನ ಮಾಂಸ, ತರಕಾರಿಯ ಅಂಗಡಿ ಇಟ್ಟು. 1981ರಿಂದ ಮನೆ, ಉದ್ಯಾನ ಒಂದು ಟ್ರಸ್ಟಿನ ಕೈಯಲ್ಲಿವೆ. ಡ್ಯೂಕ್‌ನ ಮನೆತನ ಅಲ್ಲಿ ಬಾಡಿಗೆ ಕೊಟ್ಟು ವಾಸವಿದೆ.

ಕೊನೆಗೆ ನೀರಿನ ಹತ್ತಿರವೇ ಬರುತ್ತೇನೆ. 1844ರಲ್ಲಿ ರಷ್ಯದ ಚಕ್ರವರ್ತಿ ನಿಕೊಲಸ್ ಬರಬಹುದೆಂದು ಪ್ಯಾಕ್ಸ್‌ಟನ್ ಜಗತ್ತಿನಲ್ಲೇ ಎತ್ತರದ ಕಾರಂಜಿಗೆ ಕೈಹಾಕಿದ. ಗುಡ್ಡದ ನೆತ್ತಿಯಲ್ಲಿ ಎಂಟು ಎಕರೆಯ ಕೆರೆ ತೋಡಿಸಿದ. ಚಳಿಗಾಲ, ರಾತ್ರಿ ಪಂಜು ಹಚ್ಚಿಕೊಂಡು ಅಗೆದರು. ಆರು ತಿಂಗಳಲ್ಲಿ ಕೆರೆ, ಕಾಲುವೆ, ಕೊಳವೆ ಮುಗಿದವು. ಪಂಪು ಇಲ್ಲ, ಇಳಿಜಾರಿನ ಒತ್ತಡ ಅಷ್ಟೇ: ನೀರು 296 ಅಡಿ ಚಿಮ್ಮಿತು. ಚಕ್ರವರ್ತಿ ಬರಲೇ ಇಲ್ಲ. ಅದೇ ಕೆರೆಯ ನೀರಿನಿಂದ 1893ರಲ್ಲಿ ಟರ್ಬೈನು ತಿರುಗಿಸಿ ಮನೆಗೆ ವಿದ್ಯುತ್ ಕೊಟ್ಟರು. ನಡುವೆ ನಿಂತು, 1988ರಲ್ಲಿ ಮತ್ತೆ ಶುರುವಾಯಿತು.

ಹೋಗುವವರಿದ್ದರೆ ಕಾರಂಜಿ ನೋಡಿ ತಿರುಗಿಬಿಡಬೇಡಿ. ಕಾಡಿನ ದಾರಿ ಹಿಡಿದು ಗುಡ್ಡ ಹತ್ತಿ, ಕೆರೆಯ ಏರಿಯ ಮೇಲೆ ನಿಲ್ಲಿ. ನೀರು ಚಹಾದ ಬಣ್ಣದ್ದು, ಬಯಲಿನ ಕಪ್ಪು ಮಣ್ಣು ಸೋಸಿ ಬಂದದ್ದು. ಅಲ್ಲಿ ಮನೆ ಕಾಣುವುದಿಲ್ಲ. ಕಾಲಡಿಯಲ್ಲಿರುವುದು ಪಂಜಿನ ಬೆಳಕಿನಲ್ಲಿ ಬುಟ್ಟಿ ಹೊತ್ತು ಸುರಿದ ಮಣ್ಣು.