ಕರೆದರೆ ಓಡಿ ಬರಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮನೆ ಕಾಪುವಿನಲ್ಲಿ, 66ನೇ ರಾಷ್ಟ್ರೀಯ ಹೆದ್ದಾರಿಯಿಂದ ನೂರಿನ್ನೂರು ಹೆಜ್ಜೆ ಒಳಗೆ. ಕೆಲವು ವರ್ಷಗಳ ಹಿಂದೆ ಅಲ್ಲಿ ಕಾಳು ಅಂತ ಒಂದು ನಾಯಿ ಇತ್ತು. ಊರ ನಾಯಿ, ಕಪ್ಪು ಮೈ, ಎದೆಯ ಮೇಲೆ ಬಿಳಿ ಮಚ್ಚೆ. ಗೇಟು ಸ್ವಲ್ಪ ತೆರೆದರೆ ಸಾಕು, ಹೊರಗೆ ಓಟ. ಪಕ್ಕದ ಮನೆಯ ಚಪ್ಪಲಿ ಕಚ್ಚುತ್ತಿದ್ದ, ಕೋಳಿ ಅಟ್ಟಿಸುತ್ತಿದ್ದ. ನಾನು ಜಗಲಿಯಲ್ಲಿ ನಿಂತು "ಕಾಳೂ, ಬಾ" ಅಂತ ಕರೆಯುತ್ತಿದ್ದೆ. ಬರುತ್ತಿದ್ದ. ಬಂದ ಕೂಡಲೇ ಹಿಡಿಸೂಡಿಯಲ್ಲಿ ಎರಡು ಬಾರಿಸುತ್ತಿದ್ದೆ. ನಾಯಿಗೆ ಬುದ್ಧಿ ಕಲಿಸುವುದು ಹೀಗೇ ಅಂತ ನಂಬಿದ್ದೆ. ನಮ್ಮ ಅಜ್ಜನೂ ಹಾಗೇ ಮಾಡುತ್ತಿದ್ದರು.

ಅವನ ಕಡೆಯಿಂದ ಸ್ವಲ್ಪ ಯೋಚಿಸಿ ನೋಡಿ. ಚಪ್ಪಲಿ ಕಚ್ಚಿದ್ದು ಹತ್ತು ನಿಮಿಷದ ಹಿಂದೆ. ಪೆಟ್ಟು ಬಿದ್ದದ್ದು ನನ್ನ ಹತ್ತಿರ ಬಂದಾಗ. ಚಪ್ಪಲಿಗೂ ಪೆಟ್ಟಿಗೂ ಇರುವ ಸಂಬಂಧ ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಅವನು ಕಲಿತದ್ದು ಒಂದೇ: ಇವಳು "ಬಾ" ಅಂದಾಗ ಹೋದರೆ ಪೆಟ್ಟು ಬೀಳುತ್ತದೆ.

ಆಟಿ ತಿಂಗಳ ಒಂದು ಸಂಜೆ. ಮಳೆ ಆಗಷ್ಟೇ ಬಿಟ್ಟಿತ್ತು. ಕಾಳು ಹೆದ್ದಾರಿಯ ಅಂಚಿನಲ್ಲಿ ಏನೋ ಮೂಸುತ್ತಾ ನಿಂತಿದ್ದ. ನಾನು ಕರೆದೆ. ತಲೆ ಎತ್ತಿ ನೋಡಿದ. ಮುಖ ನೋಡಲಿಲ್ಲ, ನನ್ನ ಕೈ ನೋಡಿದ. ಕೈಯಲ್ಲಿ ಏನೂ ಇರಲಿಲ್ಲ. ಆದರೂ ಬಾಲ ಮುದುಡಿ ಎರಡು ಹೆಜ್ಜೆ ಹಿಂದಕ್ಕೆ ಇಟ್ಟ. ಹಿಂದೆ ಇದ್ದದ್ದು ರಸ್ತೆ.

ಲಾರಿಯವರದ್ದು ತಪ್ಪಿರಲಿಲ್ಲ. ಇವತ್ತು ನಾನು ಇಲ್ಲಿ ಮಾತನಾಡಲು ಒಪ್ಪಿದ್ದೇ ಆ ಎರಡು ಹೆಜ್ಜೆಗಾಗಿ.

ಆಮೇಲೆ ಎರಡು ವರ್ಷ ನಾಯಿ ಸಾಕಲಿಲ್ಲ. ಮತ್ತೆ ಒಂದು ಮಳೆಗಾಲದಲ್ಲಿ ಮೀನು ಮಾರ್ಕೆಟ್ಟಿನ ಬದಿಯಲ್ಲಿ ನಡುಗುತ್ತಾ ಕೂತಿದ್ದ ಬಿಳಿ ಮರಿಯೊಂದನ್ನು ಮಗಳು ಎತ್ತಿಕೊಂಡು ಬಂದಳು. ಬೊಳ್ಳು ಅಂತ ಹೆಸರಿಟ್ಟೆವು. ಈ ಸಲ ಮೊದಲ ದಿನದಿಂದಲೇ ಬೇರೆ ದಾರಿ ಹಿಡಿದೆ. ನಾಯಿ ಸರಿಯಾದದ್ದು ಮಾಡಿದ ಗಳಿಗೆಯಲ್ಲೇ ಅದಕ್ಕೆ ಇಷ್ಟವಾದದ್ದು ಕೊಡುವ ದಾರಿ.

ಇದರ ಹಿಂದೆ ಹಳೆಯ ವಿಜ್ಞಾನ ಉಂಟು. ರಷ್ಯಾದ ಇವಾನ್ ಪಾವ್ಲೋವ್ ಜೀರ್ಣಕ್ರಿಯೆಯ ಬಗ್ಗೆ ಕೆಲಸ ಮಾಡಿ 1904ರಲ್ಲಿ ನೊಬೆಲ್ ಪಡೆದವರು. ಊಟ ತರುವವರ ಹೆಜ್ಜೆ ಸದ್ದು ಕೇಳಿದರೇ ಅವರ ನಾಯಿಗಳ ಬಾಯಲ್ಲಿ ಜೊಲ್ಲು ಬರುತ್ತಿತ್ತು. ಯಾವುದರ ಬೆನ್ನಿಗೆ ಯಾವುದು ಬರುತ್ತದೆ ಅನ್ನುವುದನ್ನು ನಾಯಿ ಅಷ್ಟು ಚೆನ್ನಾಗಿ ಲೆಕ್ಕ ಇಡುತ್ತದೆ. ಅಮೆರಿಕದ ಸ್ಕಿನ್ನರ್ ಮುಂತಾದವರು ಮುಂದೆ ತೋರಿಸಿದ್ದು ಇನ್ನೊಂದು: ಯಾವ ಕೆಲಸದ ಬೆನ್ನಿಗೆ ಒಳ್ಳೆಯದು ಸಿಗುತ್ತದೋ, ಪ್ರಾಣಿ ಆ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತದೆ.

ಹಾಗಾಗಿ ಮೊದಲು ಒಂದು ಮೆಚ್ಚುಗೆಯ ಮಾತು ಆರಿಸಿಕೊಳ್ಳಿ. ನಮ್ಮ ಮನೆಯಲ್ಲಿ ಅದು "ಸೈ". ಒಂದೆರಡು ದಿನ ಬರೀ "ಸೈ" ಅನ್ನಿ, ತಕ್ಷಣ ತಿಂಡಿ ಕೊಡಿ. "ಸೈ" ಅಂದ ಕೂಡಲೇ ನಾಯಿ ಕಿವಿ ನಿಮಿರಿಸಿ ನಿಮ್ಮ ಕಡೆ ತಿರುಗಿತೋ, ಮಾತು ಗಟ್ಟಿಯಾಯಿತು ಅಂತ ಅರ್ಥ. ಆಮೇಲೆ ಕೂರುವುದನ್ನು ಕಲಿಸಿ. ತಿಂಡಿಯನ್ನು ಮೂಗಿನ ಹತ್ತಿರ ಹಿಡಿದು ನಿಧಾನವಾಗಿ ತಲೆಯ ಮೇಲಕ್ಕೆ ಒಯ್ಯಿರಿ. ಮೂಗು ಮೇಲೆ ಹೋದ ಹಾಗೆ ಹಿಂಭಾಗ ತಾನೇ ಕೆಳಗೆ ಕೂರುತ್ತದೆ. ನೆಲ ಮುಟ್ಟಿದ ಆ ಕ್ಷಣ "ಸೈ". ಒಂದೆರಡು ಸೆಕೆಂಡು ತಡವಾದರೂ ನಾಯಿ ಎದ್ದಿರುತ್ತದೆ, ಎದ್ದದ್ದಕ್ಕೆ ಬಹುಮಾನ ಕೊಟ್ಟ ಹಾಗಾಗುತ್ತದೆ. ಸೊಂಟ ಒತ್ತಿ ಕೂರಿಸುವ ಅಗತ್ಯವೇ ಇಲ್ಲ.

ತಿಂಡಿ ಅಂದರೆ ಅಂಗಡಿಯ ಬಿಸ್ಕತ್ತೇ ಆಗಬೇಕಿಲ್ಲ. ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿಯ ಚೂರು, ಬೇಯಿಸಿದ ಮೊಟ್ಟೆ ಆಗುತ್ತದೆ. ಸಸ್ಯಾಹಾರಿ ಮನೆಯವರು ಬೆಂದ ಗೆಣಸು, ಕ್ಯಾರೆಟ್, ಸ್ವಲ್ಪ ಪನೀರ್ ಕೊಡಬಹುದು. ಒಂದು ಚೂರು ಕಡಲೆಯಷ್ಟಿದ್ದರೆ ಸಾಕು. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ. ನಾಯಿ ಆಕಳಿಸಿ ಮುಖ ತಿರುಗಿಸಿದರೆ ಆವತ್ತಿಗೆ ನಿಲ್ಲಿಸಿ.

ಇನ್ನು ಕರೆದರೆ ಬರುವುದು. ನಮ್ಮ ಕರಾವಳಿಯ ಮನೆಗಳಲ್ಲಿ ಇದಕ್ಕೊಂದು ತೊಡಕು ಉಂಟು. ನಾನು "ಬಾ" ಅನ್ನುತ್ತಿದ್ದೆ, ಅತ್ತೆ ತುಳುವಿನಲ್ಲಿ "ಬಲ" ಅನ್ನುತ್ತಿದ್ದರು, ಮಗಳು "ಕಮ್ ಕಮ್". ಮರಿಗೆ ಮೂರು ಭಾಷೆ! ಒಂದು ರಾತ್ರಿ ಊಟಕ್ಕೆ ಕೂತಾಗ ಮಾತಾಡಿ, ಎಲ್ಲರೂ "ಬಲ" ಅನ್ನಬೇಕು ಅಂತ ತೀರ್ಮಾನಿಸಿದೆವು. ಮೊದಲು ಕೋಣೆಯೊಳಗೆ ನಾಲ್ಕು ಹೆಜ್ಜೆ ದೂರದಿಂದ. ಆಮೇಲೆ ಅಂಗಳದಲ್ಲಿ. ಆಮೇಲೆ ತೋಟದಲ್ಲಿ, ಉದ್ದದ ಹಗ್ಗ ಕಟ್ಟಿ. ಓಡಿ ಬಂದಾಗೆಲ್ಲ "ಸೈ", ತಿಂಡಿ, ಕುತ್ತಿಗೆಗೆ ಒಂದು ತುರಿಕೆ, ಮತ್ತೆ ಆಡಲು ಬಿಡುವುದು. ಈ ಕೊನೆಯದನ್ನು ತುಂಬ ಜನ ಮರೆಯುತ್ತಾರೆ. ಕರೆದಾಗೆಲ್ಲ ಸಂಕೋಲೆ ಹಾಕಿ ಕಟ್ಟಿದರೆ, ಸ್ನಾನಕ್ಕೆ ಎಳೆದರೆ, ಮಾತ್ರೆ ನುಂಗಿಸಿದರೆ, ಬರುವುದು ನಷ್ಟದ ವ್ಯಾಪಾರ ಅಂತ ನಾಯಿ ಬೇಗ ತಿಳಿದುಕೊಳ್ಳುತ್ತದೆ. ಸ್ನಾನ ಮಾಡಿಸಬೇಕಾದರೆ ನೀವೇ ಅದರ ಹತ್ತಿರ ಹೋಗಿ. ಎಷ್ಟು ತಡವಾಗಿ ಬಂದರೂ, ಏನು ಹಾಳು ಮಾಡಿ ಬಂದರೂ, ಬಂದ ನಾಯಿಗೆ ಬೈಯಬೇಡಿ. ಕೈಮುಗಿದು ಕೇಳುತ್ತೇನೆ, ಇದೊಂದನ್ನು ಪಾಲಿಸಿ.

"ಯಜಮಾನ ಯಾರು ಅಂತ ನಾಯಿಗೆ ತೋರಿಸಬೇಕು" ಅನ್ನುವವರು ಈಗಲೂ ಸಿಗುತ್ತಾರೆ. ಆ ಮಾತು ಹುಟ್ಟಿದ್ದು ತೋಳಗಳ ಅಧ್ಯಯನದಿಂದ. 1947ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಪ್ರಾಣಿಸಂಗ್ರಹಾಲಯದಲ್ಲಿ ಕೂಡಿಹಾಕಿದ ತೋಳಗಳು ಯಜಮಾನಿಕೆಗಾಗಿ ಕಾದಾಡುವುದನ್ನು ನೋಡಿ ಬರೆದದ್ದು. ತೋಳಗಳ ಬಗ್ಗೆ ಬಾಳಿಡೀ ಕೆಲಸ ಮಾಡಿದ ಡೇವಿಡ್ ಮೀಚ್ ಅವರೂ ಮೊದಲು ಅದನ್ನು ಒಪ್ಪಿದ್ದರು. ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ 1999ರಲ್ಲಿ ತಿದ್ದಿ ಬರೆದರು. ಕಾಡಿನ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮಕ್ಕಳು. ಒಂದು ಸಂಸಾರ, ಅಷ್ಟೇ.

ಗುರುಗುಟ್ಟುವುದಕ್ಕೂ ಹೊಡೆಯಬೇಡಿ. ಗುರ್ ಅನ್ನುವುದು "ನನಗೆ ಹೆದರಿಕೆಯಾಗುತ್ತಿದೆ, ದೂರ ಹೋಗು" ಅನ್ನುವ ಮಾತು. ಹೊಡೆದು ಆ ಮಾತನ್ನು ನಿಲ್ಲಿಸಿದರೆ ಹೆದರಿಕೆ ಒಳಗೇ ಉಳಿಯುತ್ತದೆ, ನಾಳೆ ಗುರುಗುಟ್ಟದೆ ನೇರ ಕಚ್ಚುತ್ತದೆ. ಉಣ್ಣುವ, ಮಲಗಿದ ನಾಯಿಯ ಹತ್ತಿರ ಚಿಕ್ಕ ಮಕ್ಕಳನ್ನು ಬಿಡಬೇಡಿ. ಎಷ್ಟು ಸಾಧು ನಾಯಿಯಾದರೂ ಸರಿ.

ಹುಚ್ಚುನಾಯಿ ರೋಗದ ಲಸಿಕೆಯನ್ನು ಮರಿಗೆ ಮೂರು ತಿಂಗಳಾಗುವಾಗ ಹಾಕಿಸಿ, ಆಮೇಲೆ ವೈದ್ಯರು ಹೇಳಿದ ಲೆಕ್ಕದಲ್ಲಿ ತಪ್ಪದೆ. ಯಾವುದೇ ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ. ಸುಣ್ಣ, ಅರಿಶಿನ ಹಚ್ಚುತ್ತಾ ಕೂರಬೇಡಿ. ರೋಗದ ಲಕ್ಷಣ ಕಂಡ ಮೇಲೆ ಬದುಕಿಸುವುದು ಸಾಧ್ಯವಿಲ್ಲ ಅಂದರೂ ಸರಿ. ಮಳೆಗಾಲದಲ್ಲಿ ನಮ್ಮಲ್ಲಿ ಇಲಿಜ್ವರ ಜಾಸ್ತಿ. ಅದು ನಾಯಿಗೂ ಬರುತ್ತದೆ, ಲಸಿಕೆಯೂ ಉಂಟು. ಉಣ್ಣಿಯಿಂದ ಬರುವ ಜ್ವರವೂ ಕೆಟ್ಟದ್ದು, ಕಿವಿಯ ಹಿಂದೆ, ಬೆರಳ ಸಂದಿಯಲ್ಲಿ ದಿನಾ ಕೈಯಾಡಿಸಿ ನೋಡಿ.

ಪ್ರೀತಿಯಿಂದಲೇ ಆಗುವ ಅಪಾಯವೂ ಕಡಿಮೆಯಲ್ಲ. ಹಬ್ಬದ ದಿನ ಉಳಿದ ಪಾಯಸ ನಾಯಿಗೆ ಸುರಿಯುತ್ತೇವೆ ಅಲ್ವಾ? ಅದರಲ್ಲಿರುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸಬಲ್ಲದು. ಕೋಳಿ ಸುಕ್ಕದಲ್ಲಿ ನೀರುಳ್ಳಿ ಇರುತ್ತದೆ, ಅದು ರಕ್ತಕ್ಕೆ ಕೆಟ್ಟದ್ದು. ಬೆಂದ ಎಲುಬು ಸೂಜಿಯ ಹಾಗೆ ಸೀಳಿ ಗಂಟಲಲ್ಲಿ, ಕರುಳಲ್ಲಿ ಚುಚ್ಚುತ್ತದೆ. ಚಾಕಲೇಟು ಬೇಡವೇ ಬೇಡ. ನಮ್ಮ ಜ್ವರದ ಮಾತ್ರೆಯನ್ನು ನಾವೇ ಅಂದಾಜಿನಲ್ಲಿ ಕೊಡುವುದೂ ಬೇಡ.

ಏಪ್ರಿಲ್, ಮೇ ತಿಂಗಳ ಸೆಕೆ ನಿಮಗೆ ಗೊತ್ತೇ ಇದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳಬೇಕು. ಗಾಳಿಯಲ್ಲೇ ನೀರು ತುಂಬಿರುವ ನಮ್ಮ ಊರಲ್ಲಿ ಅದೂ ಸರಿಯಾಗಿ ಆಗುವುದಿಲ್ಲ. ಚಪ್ಪಟೆ ಮೂಗಿನ ಪಗ್ ಸಾಕಿದವರು ಇನ್ನೂ ಎಚ್ಚರ ಇರಬೇಕು. ನಡೆದಾಟ ಬೆಳಿಗ್ಗೆ ಬೇಗ, ಇಲ್ಲವೇ ಕತ್ತಲಾದ ಮೇಲೆ. ಟಾರು ರಸ್ತೆಗೆ ನಿಮ್ಮ ಅಂಗೈಯ ಹಿಂಭಾಗ ಒತ್ತಿ ಹಿಡಿದು ನೋಡಿ. ನಿಮಗೆ ತಡೆಯಲಾಗದಿದ್ದರೆ ಅದರ ಪಾದಕ್ಕೂ ಆಗದು.

ಗುಡ್ಡೆಯ ಬದಿಯಲ್ಲಿ ಮನೆ ಇರುವವರಿಗೆ ಚಿರತೆಯ ವಿಷಯ ಬಿಡಿಸಿ ಹೇಳಬೇಕಿಲ್ಲ. 2021ರ ಫೆಬ್ರವರಿಯಲ್ಲಿ ಕಡಬ ತಾಲೂಕಿನ ಬಿಳಿನೆಲೆಯಲ್ಲಿ ಚಿರತೆಯೊಂದು ನಾಯಿಯನ್ನು ಅಟ್ಟಿಸಿಕೊಂಡು ಬಂದು, ಎರಡೂ ಒಂದೇ ಶೌಚಾಲಯದೊಳಗೆ ಗಂಟೆಗಟ್ಟಲೆ ಸಿಕ್ಕಿಬಿದ್ದವು. ಆ ನಾಯಿ ಬದುಕಿತು. ಅಂಗಳದಲ್ಲಿ ಸಂಕೋಲೆ ಹಾಕಿ ಕಟ್ಟಿದ ನಾಯಿಗೆ ಓಡುವ ಅವಕಾಶವೂ ಇಲ್ಲ ಮಾರಾಯ್ರೇ. ರಾತ್ರಿ ಮನೆಯೊಳಗೆ, ಇಲ್ಲವೇ ಬಾಗಿಲು ಭದ್ರವಾಗಿರುವ ಗೂಡಿನಲ್ಲಿ ಮಲಗಿಸಿ. ನಾಯಿಯನ್ನು ಸದಾ ಕಟ್ಟಿಹಾಕಿ, ಓಡಾಡಿಸದೆ ಇಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರವೂ ಅಪರಾಧ.

ಕಳೆದ ದೀಪಾವಳಿಯ ಹಿಂದಿನ ವಾರ ನಡೆದದ್ದು ಹೇಳಿ ಮುಗಿಸುತ್ತೇನೆ. ನಾನು ತೋಟದಲ್ಲಿ ಬಿದ್ದ ಮಡಲು ರಾಶಿ ಹಾಕುತ್ತಿದ್ದೆ. ಬೊಳ್ಳು ರಾಶಿಯ ಆಚೆ ಬದಿಯಲ್ಲಿ ಬೊಗಳಲು ಶುರು ಮಾಡಿದ. ದಿನದ ಬೊಗಳುವಿಕೆಯಲ್ಲ, ಸ್ವರವೇ ಬೇರೆ. ಹೋಗಿ ನೋಡಿದರೆ ನಾಗರಹಾವು ಹೆಡೆ ಎತ್ತಿ ನಿಂತಿದೆ, ಅವನ ಮೂತಿಯಿಂದ ಎರಡು ಮೊಳ ದೂರದಲ್ಲಿ. ನಾಯಿಗೆ ಕಚ್ಚಿದರೆ ನಾಯಿ ಹೋಗುತ್ತದೆ. ನಾಯಿ ಹಾವಿಗೆ ಬಾಯಿ ಹಾಕಿದರೆ, ನಾಗನಿಗೆ ಪೆಟ್ಟಾಯಿತು ಅಂತ ಮನೆಯಲ್ಲಿ ಯಾರಿಗೂ ತಿಂಗಳುಗಟ್ಟಲೆ ನೆಮ್ಮದಿ ಇರುವುದಿಲ್ಲ. ಹತ್ತಿರ ಹೋಗಿ ಹಿಡಿಯುವ ಹಾಗಿರಲಿಲ್ಲ. ನಾಲಿಗೆ ಒಣಗಿತ್ತು. ಆದರೂ ದಿನಾ ಕರೆಯುವ ಸ್ವರದಲ್ಲೇ ಕರೆದೆ: "ಬೊಳ್ಳೂ, ಬಲ."

ಅವನ ಒಂದು ಕಿವಿ ಹಿಂದಕ್ಕೆ ತಿರುಗಿತು. ಆಮೇಲೆ ತಲೆ. ಆಮೇಲೆ ಪೂರ್ತಿ ತಿರುಗಿ, ಮಡಲಿನ ರಾಶಿ ಹಾರಿ, ಬಾಲ ಅಲ್ಲಾಡಿಸುತ್ತಾ ಓಡಿ ಬಂದು ನನ್ನ ಕಾಲ ಬುಡದಲ್ಲಿ ಕೂತು ಮುಖ ನೋಡಿದ. ಜೇಬಿನಲ್ಲಿ ಗೆಣಸಿನ ಎರಡು ಚೂರಿತ್ತು, ಎರಡನ್ನೂ ಕೊಟ್ಟೆ. ಒಳಗೆ ಕರೆದುಕೊಂಡು ಹೋಗಿ, ಬೆಳಗಿನ ತಿಂಡಿಗೆ ಬೇಯಿಸಿಟ್ಟಿದ್ದ ಮೊಟ್ಟೆ ಪೂರ್ತಿ ಕೊಟ್ಟೆ. ಸಿಪ್ಪೆ ಸುಲಿಯುವಾಗ ಕೈ ಇನ್ನೂ ನಡುಗುತ್ತಿತ್ತು.

ನಮಸ್ಕಾರ.