ಹಿರೇಬೆಣಕಲ್ ಗುಡ್ಡ ಹತ್ತುವ ಮುನ್ನ

ಕೇಳುಗರೆಲ್ಲರಿಗೂ ನಮಸ್ಕಾರ.

ಈ ಚಳಿಗಾಲದಲ್ಲಿ ಹಂಪಿ ನೋಡಲು ಹೊರಟಿದ್ದೀರಾ? ಹಾಗಿದ್ದರೆ ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ. ತುಂಗಭದ್ರೆ ದಾಟಿ ಕೊಪ್ಪಳ ಜಿಲ್ಲೆಯ ಗಂಗಾವತಿಗೆ ಬನ್ನಿ. ಅಲ್ಲಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿ ಹಿರೇಬೆಣಕಲ್ ಅನ್ನುವ ಊರಿದೆ. ಊರಿನ ಪಕ್ಕದಲ್ಲೇ ಗುಡ್ಡಗಳ ಸಾಲು. ಕುರುಚಲು ಕಾಡು, ದೊಡ್ಡ ದೊಡ್ಡ ಬಂಡೆ, ನಡುನಡುವೆ ಕಣಿವೆ. ಮೇಲಿನವರೆಗೆ ವಾಹನ ಹೋಗುವುದಿಲ್ಲ, ಕಾಲುದಾರಿಯಲ್ಲೇ ಹತ್ತಬೇಕು. ದಾರಿಯಲ್ಲಿ ಅಂಗಡಿ ಇಲ್ಲ, ಕುಡಿಯುವ ನೀರೂ ಸಿಗುವುದಿಲ್ಲ.

ಹತ್ತಿ ಹೋದರೆ ಕಾಣುವುದೇನು ಗೊತ್ತಾ? ಕಲ್ಲಿನ ಮನೆಗಳು. ಒಂದೆರಡಲ್ಲ, ಹೆಚ್ಚುಕಡಿಮೆ 400 ಕಟ್ಟಣೆಗಳು. ಚಪ್ಪಡಿಗಳನ್ನು ಗೋಡೆಯಂತೆ ನಿಲ್ಲಿಸಿ, ಮೇಲೊಂದು ದೊಡ್ಡ ಚಪ್ಪಡಿ ಮುಚ್ಚಿದ್ದಾರೆ. ಕೆಲವು ಮೊಣಕಾಲೆತ್ತರ, ಕೆಲವು 3 ಮೀಟರಿನಷ್ಟು ಎತ್ತರ. ಎಷ್ಟೋ ಮನೆಗಳ ಒಂದು ಗೋಡೆಯಲ್ಲಿ ಗುಂಡಗೆ ಕೊರೆದ ಕಿಂಡಿ ಇದೆ. ಊರಿನವರು ಇದನ್ನು ಮೋರ್ಯರ ಗುಡ್ಡ ಅನ್ನುತ್ತಾರೆ. ಹಿಂದೆ ಇದ್ದ ಗಿಡ್ಡ ಜನ ಕಟ್ಟಿಕೊಂಡ ಮನೆಗಳು ಅಂತ ಹಿರಿಯರು ಹೇಳುವುದುಂಟು. ನಾವು ಪುರಾತತ್ವದವರು ಹೇಳುವುದು, ಇವು ಸತ್ತವರ ನೆನಪಿಗೆ ಕಟ್ಟಿದ ಬೃಹತ್ ಶಿಲಾ ಸಮಾಧಿಗಳು. ಕಾಲ ಕ್ರಿಸ್ತಪೂರ್ವ 800ರಿಂದ 200ರ ಆಸುಪಾಸು. ಅಂದರೆ ವಿಜಯನಗರ ಹುಟ್ಟುವುದಕ್ಕೆ ಸಾವಿರದೈನೂರು ವರ್ಷಕ್ಕೂ ಮೊದಲೇ ಇವು ಇಲ್ಲಿ ನಿಂತಿದ್ದವು! ಹಂಪಿಗೆ ಬಂದವರಲ್ಲಿ ನೂರಕ್ಕೆ ಒಬ್ಬರೂ ಈ ಕಡೆ ತಲೆ ಹಾಕುವುದಿಲ್ಲ ಅನ್ನುವುದು ನನಗೆ ಬಹಳ ಬೇಸರ.

ಬನ್ನಿ, ಖಂಡಿತ ಬನ್ನಿ. ಆದರೆ ಒಂದು ಮಾತು. ಅಲ್ಲಿರುವುದು ಅಲ್ಲೇ ಇರಲಿ. ಒಂದು ಕಲ್ಲು, ಒಂದು ಮಡಕೆ ಚೂರು ಕೂಡ ಎತ್ತಬೇಡಿ. ಇವತ್ತು ಇದನ್ನು ಇನ್ನೂ ನಾಲ್ಕು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಒಮ್ಮೆ ಒಂದು ಊರಿನಲ್ಲಿ ನನ್ನ ಉಪನ್ಯಾಸ ಮುಗಿದ ಮೇಲೆ ಕಾಲೇಜು ಹುಡುಗನೊಬ್ಬ ಹತ್ತಿರ ಬಂದ. ತುಂಬಾ ಚುರುಕು ಹುಡುಗ. ಕರವಸ್ತ್ರದ ಗಂಟು ಬಿಚ್ಚಿ, "ಸರ್, ಹಿರೇಬೆಣಕಲ್ಲಿಗೆ ಹೋಗಿದ್ದೆ, ನಿಮಗೆ ತೋರಿಸೋಣ ಅಂತ ತಂದೆ" ಅಂದ. ನೋಡಿದರೆ ಅಂಗೈಯಗಲದ ಮಡಕೆ ಚೂರು. ಹೊರಗೆ ಕೆಂಪು, ಒಳಗೆ ಕಪ್ಪು, ಬಾಯಂಚಿನ ಸುತ್ತಲೂ ಕಪ್ಪು. ಬೆಳಕಿಗೆ ಹಿಡಿದರೆ ಇನ್ನೂ ನುಣ್ಣಗೆ ಮಿಂಚುತ್ತಿತ್ತು. ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಒಳಗಡೆಗೆ ಗಾಳಿ ಸಿಗದೆ ಕಪ್ಪಾಗುತ್ತದೆ, ಹೊರಗಡೆ ಗಾಳಿ ತಾಗಿ ಕೆಂಪಾಗುತ್ತದೆ. ಆ ಕಾಲದ ಕುಂಬಾರರ ಕೈಚಳಕ ಅದು. ಅದನ್ನೆಲ್ಲ ವಿವರಿಸಿದೆ. ಹುಡುಗನ ಮುಖ ಅರಳಿತು.

ಆಮೇಲೆ ಕೇಳಿದೆ. "ಇದು ಎಲ್ಲಿ ಸಿಕ್ಕಿತಪ್ಪಾ?"

"ಅಲ್ಲೇ ಮೇಲೆ ಸರ್."

"ಮೇಲೆ ಅಂದ್ರೆ? ಕಲ್ಲಿನ ಮನೆ ಒಳಗೋ, ಹೊರಗೋ?"

"ಸರಿಯಾಗಿ ನೆನಪಿಲ್ಲ ಸರ್. ಅಲ್ಲೇ ಎಲ್ಲೋ."

"ನೀರಿನ ಹೊಂಡದ ಹತ್ತಿರವೋ? ಇಳಿಜಾರಿನಲ್ಲೋ?"

ಹುಡುಗ ಸುಮ್ಮನಾದ. ನಾನು ಅವನನ್ನು ಕೂರಿಸಿಕೊಂಡು ಹೇಳಿದೆ. ನೋಡು, ಈ ಚೂರು ಸಮಾಧಿಯ ಒಳಗಿದ್ದರೆ ಅದು ಸತ್ತವರಿಗೆಂದು ಇಟ್ಟ ಪಾತ್ರೆಯದ್ದು. ಜನ ವಾಸವಿದ್ದ ಜಾಗದಲ್ಲಿದ್ದರೆ ಅದು ಯಾರದೋ ಮನೆಯ ಊಟದ ಬಟ್ಟಲು. ಚೂರು ಅದೇ, ಕಥೆ ಬೇರೆ. ಯಾವ ಕಥೆ ನಿಜ ಅಂತ ಹೇಳುತ್ತಿದ್ದದ್ದು ಅದು ಬಿದ್ದಿದ್ದ ಜಾಗ. ಆ ಜಾಗವೇ ಈಗ ಹೋಯಿತು.

ಅವನು ತಕ್ಷಣ, "ಸರ್, ಹಾಗಾದ್ರೆ ನಾಳೆನೇ ಹೋಗಿ ವಾಪಸ್ ಇಟ್ಟು ಬರ್ತೀನಿ" ಅಂದ. ಒಳ್ಳೆಯ ಮನಸ್ಸು. ಆದರೆ ಎಲ್ಲಿ ಇಡುತ್ತಾನೆ ಹೇಳಿ? ತೋಚಿದ ಕಡೆ ಇಟ್ಟರೆ, ಮುಂದೆ ಸಂಶೋಧನೆಗೆ ಬಂದವರು ಅದನ್ನು ನಿಜವಾದ ಸಾಕ್ಷಿ ಅಂತ ನಂಬುತ್ತಾರೆ. ಕಳೆದದ್ದಕ್ಕಿಂತ ಕೆಟ್ಟದ್ದು ಅದು. ಕೊನೆಗೆ ಚೂರನ್ನು ಪುರಾತತ್ವ ಇಲಾಖೆಯವರಿಗೆ ಒಪ್ಪಿಸುವ ಏರ್ಪಾಟು ಮಾಡಿದೆವು. ಜಾಗದ ಕಾಲಂ ಖಾಲಿ ಉಳಿಯಿತು.

ಹಾಗಾದರೆ ಚೂರು ಕಂಡರೆ ಏನು ಮಾಡಬೇಕು? ಪಕ್ಕದಲ್ಲಿ ಪೆನ್ನೋ ಕೀಲಿಕೈಯೋ ಇಟ್ಟು ಫೋಟೋ ತೆಗೆಯಿರಿ, ಅಳತೆ ಗೊತ್ತಾಗುತ್ತದೆ. ನಾಲ್ಕು ಹೆಜ್ಜೆ ಹಿಂದೆ ಬಂದು ಸುತ್ತಲಿನ ಜಾಗವೂ ಕಾಣುವಂತೆ ಇನ್ನೊಂದು ತೆಗೆಯಿರಿ. ಮೊಬೈಲಿನಲ್ಲಿ ಲೊಕೇಶನ್ ಉಳಿಸಿಕೊಳ್ಳಿ, ಇಲಾಖೆಗೆ ತಿಳಿಸಿ. ಮುಟ್ಟಬೇಡಿ, ಅಷ್ಟೇ.

ಈ ಕಥೆಯಲ್ಲೇ ಸಮಯ ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ.

ದಾರಿಯಲ್ಲಿ ಬಂಡೆಗಳ ಮರೆಯಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ. ಬೇಟೆಗಾರರು, ಪ್ರಾಣಿಗಳು, ಕುಣಿಯುವ ಜನ. ಫೋಟೋ ಚೆನ್ನಾಗಿ ಬರಲಿ ಅಂತ ಕೆಲವರು ಬಾಟಲಿ ನೀರು ಎರಚುತ್ತಾರೆ. ದಯವಿಟ್ಟು ಬೇಡ. ಕಲ್ಲಿನೊಳಗಿನ ಉಪ್ಪು ಮೇಲೆ ಬಂದು ಚಿತ್ರದ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಎತ್ತರದ ಬಂಡೆಯೊಂದರ ನೆತ್ತಿಯ ಮೇಲೆ ಅರೆಗೋಳದಂಥ ನಗಾರಿ ಕಲ್ಲು ಕೂತಿದೆ. ಬಡಿದರೆ ಬಹಳ ದೂರ ಕೇಳುತ್ತದೆ ಅನ್ನುವುದು ನಿಜ. ಆದರೆ ಹೋದವರೆಲ್ಲ ಕಲ್ಲಿನಿಂದ ಕುಟ್ಟುತ್ತಾ ಹೋದರೆ ಅದು ಎಷ್ಟು ದಿನ ಉಳಿದೀತು? ಕೆಳಗಿನಿಂದಲೇ ನೋಡಿ.

ನೀರಿನ ಹೊಂಡವನ್ನು ಮಾತ್ರ ತಪ್ಪಿಸಬೇಡಿ. ಪದರ ಪದರವಾಗಿ ಏಳುವ ಗ್ರಾನೈಟ್ ಹಾಸಿನಿಂದ ಚಪ್ಪಡಿ ಎಬ್ಬಿಸಿದ ಕಡೆ ಉಳಿದ ತಗ್ಗಿನಲ್ಲೇ ನೀರು ನಿಂತಿದೆ. ಅದರ ದಂಡೆಯಲ್ಲಿ ಕೂತರೆ ಕಲ್ಲು ತೆಗೆದ ಜಾಗ, ಅದೇ ಕಲ್ಲಿನ ಸಮಾಧಿ, ಎರಡೂ ಒಟ್ಟಿಗೆ ಕಾಣುತ್ತವೆ. ನನಗೆ ಇಡೀ ಗುಡ್ಡದಲ್ಲಿ ಇಷ್ಟವಾದ ಜಾಗ ಅದು.

19ನೇ ಶತಮಾನದಲ್ಲೇ, ನಿಜಾಮರ ಸೇವೆಯಲ್ಲಿದ್ದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಈ ಜಾಗದ ಬಗ್ಗೆ ಬರೆದರು. 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆ ಇದೆ. ಸ್ಮಾರಕ ಹಾಳು ಮಾಡಿದರೆ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಆದರೂ ನಿಧಿ ಆಸೆಗೆ ಸಮಾಧಿ ಅಗೆಯುವವರು ಇದ್ದಾರೆ. ಕಬ್ಬಿಣ, ಮಡಕೆ, ಮೂಳೆ ಬಿಟ್ಟರೆ ಇಂಥ ಸಮಾಧಿಗಳಲ್ಲಿ ಸಿಗುವುದು ಅಪರೂಪಕ್ಕೆ ಒಂದಿಷ್ಟು ಮಣಿ. ಅದಕ್ಕಾಗಿ ಎರಡು ಸಾವಿರ ವರ್ಷ ನಿಂತ ಚಪ್ಪಡಿ ಕೆಡವುತ್ತಾರೆ! ಹೊಸದಾಗಿ ಅಗೆದ ಗುಂಡಿ ಕಂಡರೆ ಪೊಲೀಸರಿಗೆ ಫೋನ್ ಮಾಡಿ.

ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಬೆಳಗ್ಗೆ ಬೇಗ ಹತ್ತಿ. ಗಟ್ಟಿ ಬೂಟು, ತಲೆಗೆ ಟೋಪಿ, ಒಬ್ಬೊಬ್ಬರಿಗೆ ಕನಿಷ್ಠ 3 ಲೀಟರ್ ನೀರು ಇರಲಿ. ಕವಲುದಾರಿಗಳು ಬಹಳ, ಊರಿನವರನ್ನೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಅವರ ದಿನದ ಕೂಲಿ ಕೊಡಿ. ಕರಡಿ, ಚಿರತೆ ಓಡಾಡುವ ಸೀಮೆ, ಹಾಗಾಗಿ ಹೊತ್ತು ಇಳಿಯುವ ಮೊದಲೇ ಊರು ಸೇರಿಬಿಡಿ. ಇಳಿಯುವಾಗ ಮಕ್ಕಳ ಜೇಬನ್ನೂ ಒಮ್ಮೆ ನೋಡಿ. ಏನಾದರೂ ಇದ್ದರೆ, ಎಲ್ಲಿ ಎತ್ತಿದ್ದು ಅಂತ ಅವರಿಗೆ ನೆನಪಿರುವಾಗಲೇ ಅಲ್ಲೇ ಇಡಿಸಿ. ನಮಸ್ಕಾರ.